ಹಾಡಿನ ಕೆಳಗಿನ ಮಾತು

ನಾನು ಮದುವೆ ವಿಡಿಯೋ ಮಾಡುತ್ತಿದ್ದ ಕಾಲದಲ್ಲಿ ಜನರ ಮಾತಿಗೆ ನಾವು ಇಟ್ಟಿದ್ದ ಹೆಸರು ಗಲಾಟೆ. ನಾನೊಬ್ಬನೇ ಅಲ್ಲ, ಆಗ ಚಳ್ಳಕೆರೆಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿದ ಎಲ್ಲರೂ ಹಾಗೇ ಅನ್ನುತ್ತಿದ್ದರು. ವಾಲಗ, ಜನರೇಟರ್ ಸದ್ದು, ಮಕ್ಕಳ ಅಳು, ಅಯ್ಯನೋರ ಮಂತ್ರ, ಹೆಂಗಸರ ಹರಟೆ, ಎಲ್ಲವೂ ಗಲಾಟೆ. ಅದನ್ನು ಅಳಿಸಿ ಅದರ ಜಾಗದಲ್ಲಿ ಸಿನಿಮಾ ಹಾಡು ಕೂರಿಸುವುದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದೆವು. ತಾಳಿ ಕಟ್ಟುವಾಗ ಒಂದು ಹಾಡು, ಊಟದ ಪಂಕ್ತಿಗೆ ಒಂದು, ಹೆಣ್ಣು ಒಪ್ಪಿಸುವಾಗ ಅಳು ಬರಿಸುವಂಥದ್ದು ಒಂದು. ಯಾರ ಹಾಡುಗಳು ಚೆನ್ನಾಗಿ ಕೂರುತ್ತವೋ ಅವನೇ ಊರಿನ ಒಳ್ಳೆಯ ವಿಡಿಯೋದವನು. ನಾನು ಒಳ್ಳೆಯ ವಿಡಿಯೋದವನಾಗಿದ್ದೆ.

ನಮ್ಮದು ಶೇಂಗಾ ವ್ಯಾಪಾರದ ಮನೆ. ಗಿರಣಿಗೆ ಕಾಯಿ ಹಾಕಿಸಿ, ಎಣ್ಣೆ, ಹಿಂಡಿ ಮಾರಿ ಬದುಕಿದವರು. ಮನೆಯ ಗಂಡುಮಗ ಕ್ಯಾಮೆರಾ ಹಿಡಿದಾಗ ಅಪ್ಪ ಮೂಗು ಮುರಿದರು. ‘ಲೇ, ಮಂದಿ ಮದುವ್ಯಾಗೆ ಕುರ್ಚಿ ಹತ್ತಿ ನಿಲ್ಲೋದೂ ಒಂದು ಉದ್ಯೋಗನೇನೋ?’ ಎಂದರು. ಆದರೂ ಹಿಂಡಿ ಅಂಗಡಿಯ ಮೇಲಿದ್ದ ಖಾಲಿ ಕೋಣೆ ಬಿಟ್ಟುಕೊಟ್ಟರು. ಅಲ್ಲಿ ಎರಡು ವಿಸಿಆರ್, ಒಂದು ಟಿವಿ, ಒಂದು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತೆ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಚುನಾವಣೆಯ ಮೆರವಣಿಗೆ, ರೈತರಿಗೆ ಬಿತ್ತನೆ ಬೀಜದ ತರಬೇತಿ, ಕೆಲವೊಮ್ಮೆ ಪೊಲೀಸರು ಕರೆದರೆ ಹೆಣದ ಮಹಜರು. ಊರಿಗೆ ನೆನಪಿಟ್ಟುಕೊಳ್ಳಬೇಕಾದದ್ದು ಏನು ಬಂದರೂ ನನ್ನನ್ನು ಕರೆಯುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ನಮ್ಮ ಕೆಲಸದ ರೀತಿಯನ್ನು ಇಲ್ಲಿ ಹೇಳಲೇಬೇಕು. ಮದುವೆಯಲ್ಲಿ ತೆಗೆದ ಮೂಲ ಕ್ಯಾಸೆಟ್‌ನಿಂದ ಬೇಕಾದ್ದನ್ನು ಆರಿಸಿ ಇನ್ನೊಂದು ಕ್ಯಾಸೆಟ್‌ಗೆ ಇಳಿಸುತ್ತಿದ್ದೆವು. ಆಮೇಲೆ ವಿಸಿಆರ್‌ನ ಒಂದು ಗುಂಡಿ ಒತ್ತಿ ಹಾಡು ಬಿಟ್ಟರೆ ಚಿತ್ರ ಹಾಗೇ ಉಳಿದು, ಅದರ ಸದ್ದು ಮಾತ್ರ ಅಳಿದು, ಆ ಜಾಗದಲ್ಲಿ ಹಾಡು ಕೂರುತ್ತಿತ್ತು. ಮೂಲ ಕ್ಯಾಸೆಟ್ ಮುಂದಿನ ಮದುವೆಗೆ. ಲಗ್ನದ ದಿನಗಳಲ್ಲಿ ಒಂದೇ ಕ್ಯಾಸೆಟ್ ಮೂರು ಮದುವೆ ಕಾಣುತ್ತಿತ್ತು. ಕ್ಯಾಮೆರಾದ ಜೊತೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಒಂದು ಬಂದಿತ್ತು. ಹೇಗೂ ಅಳಿಸುವ ಸದ್ದನ್ನು ಕೇಳಿ ಏನಾಗಬೇಕು ಎಂದು ಅದನ್ನು ಕೋಣೆಯ ಮೊಳೆಗೆ ನೇತುಹಾಕಿದ್ದೆ.

ನನಗೆ ಒಬ್ಬಳೇ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಮಾತು ಎಂದರೆ ಮಾತು. ಅರ್ಧ ಮಾತಿಗೇ ನಗು ಬಂದುಬಿಡುತ್ತಿತ್ತು, ಉಳಿದರ್ಧ ನಗುತ್ತಲೇ ಹೇಳುತ್ತಿದ್ದಳು. ದನಿ ಸ್ವಲ್ಪ ಒಡಕು. ‘ಇವಳ ಬಾಯಿಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ’ ಎಂದು ಅವ್ವ ಬೈಯುತ್ತಿದ್ದಳು. ಕಾಲೇಜು ಮುಗಿಸಿ ಮನೆಯಲ್ಲಿದ್ದ ಎರಡು ವರ್ಷ ಅವಳು ಮಧ್ಯಾಹ್ನವೆಲ್ಲ ನನ್ನ ಕೋಣೆಗೆ ಬಂದು ಕೂರುತ್ತಿದ್ದಳು. ಕ್ಯಾಸೆಟ್‌ಗಳ ಮೇಲೆ ಹೆಸರು ಬರೆಯುವುದು, ಯಾವ ದೃಶ್ಯಕ್ಕೆ ಯಾವ ಹಾಡು ಎಂದು ಜಗಳ ತೆಗೆಯುವುದು ಅವಳ ಕೆಲಸ. ನಾನು ಬಾಯಿ ಮುಚ್ಚೇ ಎಂದರೆ ಹತ್ತು ನಿಮಿಷ ಮುಚ್ಚುತ್ತಿದ್ದಳು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಮೊಳಕಾಲ್ಮೂರಿನ ಸಂಬಂಧ ಕೂಡಿಬಂತು. ನಮ್ಮವರೇ, ರೇಷ್ಮೆ ಸೀರೆ ವ್ಯಾಪಾರದ ಮನೆ. ಅಕ್ಕಪಕ್ಕದ ಓಣಿಯ ತುಂಬ ಮಗ್ಗ. ಆ ಮನೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಮದುವೆ ಗಂಡಿನ ಊರಲ್ಲೇ ಆಯಿತು. ವಿಡಿಯೋ ನನ್ನದೇ. ‘ನಿನ್ನ ತಂಗಿ ಮದುವೆಗೆ ನೀನೇ ಯಾಕೋ, ಬೇರೆಯವರನ್ನ ಕರೆಸು, ನೀನು ಅಣ್ಣನ ಹಾಗೆ ಓಡಾಡು’ ಎಂದು ಅಪ್ಪ ಹೇಳಿದರು. ನಾನು ಕೇಳಲಿಲ್ಲ. ಬೇರೆಯವನ ಕೈಯಲ್ಲಿ ನನ್ನ ತಂಗಿಯ ಮದುವೆ ಕೆಟ್ಟರೆ ಯಾರು ಹೊಣೆ ಎಂದು ವಾದ ಮಾಡಿದೆ.

ನಮ್ಮ ಕಡೆ ಮದುಮಗಳು ಗಂಡನ ಮನೆ ಹೊಸ್ತಿಲು ದಾಟುವ ಮೊದಲು ಅವನ ಹೆಸರು ಹೇಳಬೇಕು. ಬರೀ ಹೆಸರಲ್ಲ, ಒಡಪು ಕಟ್ಟಿ, ಹಾಡಿನಂಥ ಎರಡು ಸಾಲಿನ ಕೊನೆಗೆ ಹೆಸರು ತರಬೇಕು. ಹೇಳುವ ತನಕ ನಾದಿನಿಯರು ಬಾಗಿಲು ಬಿಡುವುದಿಲ್ಲ. ಅವ್ವ ಒಂದು ತಿಂಗಳಿಂದ ತಂಗಿಗೆ ತಾನೇ ಕಟ್ಟಿದ ಒಡಪು ಕಲಿಸಿದ್ದಳು. ‘ಚಳ್ಳಕೆರೆ ಎಣ್ಣೆ ತುಂಬಿ ದೀಪ ಹಚ್ಚಿ ತಂದೆ, ಮೊಳಕಾಲ್ಮೂರ ಸೆರಗ ಹೊದ್ದು ಬಾಗಿಲಾಗೆ ನಿಂದೆ’ ಎಂದು ಶುರುವಾಗಿ ಕೊನೆಗೆ ಮದುಮಗನ ಹೆಸರು ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಪ್ಪ ಕೂಡ ಸ್ನಾನ ಮಾಡುವಾಗ ಗುನುಗುತ್ತಿದ್ದರು.

ಆ ದಿನ ಮಧ್ಯಾಹ್ನ ಅವರ ಮನೆಯ ಮುಂದಿನ ಚಪ್ಪರದಲ್ಲಿ ಜನ ತುಂಬಿದ್ದರು. ಕರೆಂಟ್ ಹೋಗಿ ನನ್ನ ಪಕ್ಕದಲ್ಲೇ ಜನರೇಟರ್ ಬಡಿದುಕೊಳ್ಳುತ್ತಿತ್ತು, ಅದರ ಮೇಲೆ ವಾಲಗ. ನಾನು ಕಬ್ಬಿಣದ ಕುರ್ಚಿಯ ಮೇಲೆ ನಿಂತು, ಜನರ ತಲೆಗಳ ಮೇಲಿಂದ ಬಾಗಿಲಿಗೆ ಕ್ಯಾಮೆರಾ ಹಿಡಿದಿದ್ದೆ. ಅವ್ವ ತಂಗಿಯ ಹಿಂದೆಯೇ ನಿಂತಿದ್ದಳು. ಮದುಮಗನ ತಾಯಿ ಮೈಕು ತಂದು ತಂಗಿಯ ಕೈಗೆ ಕೊಟ್ಟು ‘ಪೇರು ಚೆಪ್ಪಮ್ಮಾ’, ಹೆಸರು ಹೇಳಮ್ಮಾ, ಎಂದರು. ಅವರ ಮಾತು ನನಗೆ ಕೇಳಿಸಿತು ಎಂದಲ್ಲ, ಆ ಹೊತ್ತಿಗೆ ಆ ಊರಿನಲ್ಲಿ ಇನ್ನೇನೂ ಹೇಳುವುದಿಲ್ಲ. ತಂಗಿಯ ತುಟಿ ಆಡಿತು. ಚಪ್ಪರವೆಲ್ಲ ಘೊಳ್ಳೆಂದು ನಕ್ಕಿತು. ಬ್ಯಾಟರಿಯ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು, ನನ್ನ ಪ್ರಾಣವೆಲ್ಲ ಅದರ ಮೇಲಿತ್ತು. ಒಡಪು ಹೇಳಿದಳು, ಜನ ನಕ್ಕರು, ಫೋಕಸ್ ಸರಿಯಾಗಿ ಬಂತು. ನನಗೆ ಅಷ್ಟು ಸಾಕಾಗಿತ್ತು.

ಆ ಕ್ಯಾಸೆಟ್‌ಗೆ ನಾನು ಹಾಕಿದಷ್ಟು ಶ್ರಮ ಇನ್ಯಾವುದಕ್ಕೂ ಹಾಕಿಲ್ಲ. ಟಿವಿಯ ಸದ್ದು ಪೂರ್ತಿ ಇಳಿಸಿ, ಬರೀ ಚಿತ್ರ ನೋಡುತ್ತಾ ನಾಲ್ಕು ದಿನ ಕೂತು ಹಾಡು ಆರಿಸಿದೆ. ಹೊಸ್ತಿಲಿನ ದೃಶ್ಯಕ್ಕೆ ಆ ವರ್ಷ ಎಲ್ಲರ ಬಾಯಲ್ಲಿದ್ದ ಒಂದು ಹಾಡು ಹಾಕಿದೆ. ತುಟಿ ಆಡುವ ಜಾಗಕ್ಕೆ ಗಾಯಕಿಯ ದನಿ ಸರಿಯಾಗಿ ಬಂದು ಬಿತ್ತು. ತಂಗಿ ಮೊದಲ ಸಲ ತವರಿಗೆ ಬಂದಾಗ ಎಲ್ಲರೂ ಕೂತು ನೋಡಿದೆವು. ‘ಅಣ್ಣಾ, ನನ್ ಮಾತೆಲ್ಲೋ?’ ಎಂದಳು. ‘ನಿನ್ ಮಾತು ಕೇಳೋಕೆ ಕ್ಯಾಸೆಟ್ ಬೇರೆ ಬೇಕೇನೇ? ಕಿವಿ ತೂತಾಗೋ ಹಂಗೆ ದಿನಾ ಕೇಳಿಲ್ವಾ?’ ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೂಲ ಕ್ಯಾಸೆಟ್ ಅಷ್ಟರಲ್ಲಿ ಇನ್ನೊಂದು ಮನೆಯ ಕಾರ್ಯಕ್ಕೆ ಹೋಗಿ ಬಂದಿತ್ತು.

ಎರಡು ವರ್ಷ ತುಂಬುವ ಮೊದಲೇ ಅವಳಿಗೆ ಕಾಮಾಲೆ ಆಯಿತು. ಮೊದಲು ಸೊಪ್ಪಿನ ರಸ ಕುಡಿಸಿದರು, ಆಮೇಲೆ ಪಥ್ಯ, ಆಮೇಲೆ ಜೀಪು ಮಾಡಿಕೊಂಡು ದೊಡ್ಡಾಸ್ಪತ್ರೆಗೆ. ನಾನು ಹೋಗಿ ತಲುಪುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಮೂರು ದಿನ ಪಕ್ಕದಲ್ಲಿ ಕೂತೆ. ಅಷ್ಟು ಮಾತಾಡುವವಳು ಮೂರು ದಿನ ಸುಮ್ಮನಿದ್ದು ಸುಮ್ಮನೆ ಹೋದಳು. ನಾನು ಬೇರೆಯವರ ಸಾವನ್ನು ಎಷ್ಟೋ ಸಲ ಕ್ಯಾಮೆರಾದಲ್ಲಿ ನೋಡಿದ್ದೆ. ಅದು ಯಾವ ಪ್ರಯೋಜನಕ್ಕೂ ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ.

ವರ್ಷದ ಕಾರ್ಯ ಮುಗಿದ ಮೇಲೆ ಅವ್ವ ಕ್ಯಾಸೆಟ್ ಹಾಕಿಕೊಡು ಎನ್ನತೊಡಗಿದಳು. ಮಧ್ಯಾಹ್ನದ ಕೆಲಸ ಮುಗಿಸಿ ಟಿವಿಯ ಮುಂದೆ ನೆಲದ ಮೇಲೆ ಕೂರುತ್ತಿದ್ದಳು. ಹೊಸ್ತಿಲಿನ ದೃಶ್ಯ ಬಂದಾಗ ಮುಂದಕ್ಕೆ ಬಾಗುತ್ತಿದ್ದಳು. ಪರದೆಯ ಮೇಲೆ ಮಗಳು ಬಾಯಿ ತೆರೆದರೆ ಯಾರೋ ಗಾಯಕಿ ಹಾಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದಳು.

‘ಇಲ್ಲಿ ಹಾಡು ಮೇಲೆ ಹಾಕಿದೀಯಲ್ಲ, ಅದನ್ನ ತೆಗಿಯಪ್ಪಾ.’

‘ಯಾಕವ್ವಾ?’

‘ಕೆಳಗೆ ಅವಳ ಮಾತು ಐತಲ್ಲ, ಅದು ಬೇಕು.’

ಹಾಸಿಗೆಯ ಮೇಲೆ ಹಚ್ಚಡ ಹೊದಿಸಿದಂತೆ ಮಾತಿನ ಮೇಲೆ ಹಾಡು ಹೊದಿಸಿದ್ದೇನೆ, ಎಳೆದರೆ ಮಾತು ಅಲ್ಲೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಇಲ್ಲ ಅವ್ವಾ, ಅಳಿಸಿಬಿಟ್ಟಿದ್ದೇನೆ, ಇನ್ನು ಬರುವುದಿಲ್ಲ ಎಂದು ಆವತ್ತೇ ಹೇಳಬೇಕಿತ್ತು. ‘ತೆಗೀತೀನಿ, ಸ್ವಲ್ಪ ಕೆಲಸ ಹಿಡಿಯುತ್ತೆ’ ಎಂದೆ.

ಆಮೇಲೆ ಮೂಲ ಕ್ಯಾಸೆಟ್ ಹುಡುಕಿದೆ. ಕೋಣೆಯಲ್ಲಿದ್ದ ಎಲ್ಲ ಕ್ಯಾಸೆಟ್‌ಗಳನ್ನೂ ಒಂದೊಂದಾಗಿ ಹಾಕಿ ಕೊನೆಯ ತನಕ ಓಡಿಸಿದೆ. ಅವಳ ಕೈಬರಹದ ಮೇಲೆಯೇ ಬೇರೆ ಚೀಟಿ ಅಂಟಿಸಿದ್ದ ಒಂದು ಸಿಕ್ಕಿತು. ಅದರಲ್ಲಿ ಯಾರದೋ ನಾಮಕರಣ. ನಾಮಕರಣ ಮುಗಿದು, ಪರದೆ ಒಮ್ಮೆ ಚುಕ್ಕಿಚುಕ್ಕಿಯಾಗಿ, ತಟ್ಟನೆ ತಂಗಿಯ ಮದುವೆ ಬಂತು. ಊಟದ ಪಂಕ್ತಿ, ‘ಸಾರು ಸಾರು’ ಎನ್ನುವ ಬಡಿಸುವವನ ಕೂಗು, ಬಕೀಟು ಸೌಟಿನ ಸದ್ದು. ಒಂದು ನಿಮಿಷಕ್ಕಿಂತ ಕಡಿಮೆ. ಟೇಪು ಅಲ್ಲಿಗೇ ಮುಗಿಯಿತು. ಹತ್ತಾರು ಸಲ ತಿರುಗಿಸಿ ಕೇಳಿದೆ. ಆ ಪಂಕ್ತಿಯಲ್ಲಿ ಅವಳು ಇರಲೇ ಇಲ್ಲ.

ಇದಾದ ಮೇಲೆ ವರ್ಷಗಟ್ಟಲೆ ಅವ್ವನಿಗೆ ಸುಳ್ಳು ಹೇಳಿದೆ. ಅದಕ್ಕೆ ಬೇರೆ ಮಷಿನ್ ಬೇಕು ಎಂದೆ. ಮಷಿನ್ ಬೆಂಗಳೂರಿನಲ್ಲಿದೆ ಎಂದೆ. ಅವ್ವ ಒತ್ತಾಯ ಮಾಡುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಹಬ್ಬಕ್ಕೊಮ್ಮೆ, ಯಾರದಾದರೂ ಮದುವೆಗೆ ನಾನು ಹೊರಟಾಗೊಮ್ಮೆ, ‘ಅದೇನಾತು?’ ಎನ್ನುತ್ತಿದ್ದಳು. ಅದು ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಕೆಲವು ಸಲ ನಾನು ಸಿಡುಕಿದ್ದೂ ಉಂಟು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಕ್ಕೆ ಕಂಪ್ಯೂಟರ್ ಬಂತು. ಮಿಕ್ಸಿಂಗ್ ಎಲ್ಲ ಅದರಲ್ಲೇ. ಕಂಪ್ಯೂಟರ್‌ನಲ್ಲಿ ಆಗದ ಕೆಲಸವೇ ಇಲ್ಲ ಎಂದು ಊರವರೆಲ್ಲ ಹೇಳುತ್ತಿದ್ದರು. ಅವ್ವನ ಕಿವಿಗೂ ಬಿತ್ತು. ‘ಈಗ ಆಗ್ತೈತಂತಲ್ಲ’ ಎಂದಳು. ಅವಳ ಮುಖದಲ್ಲಿ ಅಷ್ಟು ಆಸೆ ನಾನು ಕಂಡಿರಲಿಲ್ಲ. ಆಗ ನನ್ನ ತಲೆಯಲ್ಲಿ ಆ ಕೆಟ್ಟ ಯೋಚನೆ ಹುಟ್ಟಿತು.

ಆ ಹೊತ್ತಿಗೆ ನನ್ನ ಕೋಣೆಯಲ್ಲಿ ಆಟೋ ಪ್ರಚಾರಕ್ಕೆ ದನಿ ರೆಕಾರ್ಡ್ ಮಾಡುವ ಕೆಲಸವೂ ನಡೆಯುತ್ತಿತ್ತು. ಸೀರೆ ರಿಯಾಯಿತಿ, ಕಣ್ಣಿನ ತಪಾಸಣೆ ಶಿಬಿರ, ಪೋಲಿಯೋ ಹನಿ, ಇಂಥವಕ್ಕೆ. ಒಬ್ಬ ಶಾಲಾ ಶಿಕ್ಷಕಿ ಬಂದು ಓದಿಕೊಡುತ್ತಿದ್ದರು. ಅವರ ದನಿಯಲ್ಲಿಯೂ ಒಂದು ಸಣ್ಣ ಒಡಕಿತ್ತು. ಅವರಿಗೆ ವಿಷಯ ಹೇಳಿದೆ. ‘ಬೇಡ ಸಾರ್, ತಾಯಿಗೆ ಗೊತ್ತಾಗುತ್ತೆ’ ಎಂದರು. ನಾನು ಕೈ ಮುಗಿದು ಬೇಡಿಕೊಂಡ ಮೇಲೆ ಒಪ್ಪಿದರು. ಅವ್ವನ ಒಡಪು ಬರೆದುಕೊಟ್ಟೆ. ನಗು ಬೆರೆಸಿ ಹೇಳಿ ಎಂದೆ. ಏಳೆಂಟು ಸಲ ಹೇಳಿಸಿದೆ.

ಅದಕ್ಕೆ ಮೈಕಿನ ಗುಂಯ್‌ಗುಡುವಿಕೆ ಸೇರಿಸಿದೆ. ಬೇರೆ ಮದುವೆಯ ಜನರೇಟರ್ ಸದ್ದು, ವಾಲಗ, ಹೆಂಗಸರ ನಗು ತಂದು ಕೆಳಗೆ ಹಾಸಿದೆ. ಆಮೇಲೆ ದನಿಯನ್ನು ತಂಗಿಯ ತುಟಿಗೆ ಕೂರಿಸತೊಡಗಿದೆ. ಕೊನೆಯ ಹೆಸರು ಕೂತಿತು, ಆದರೆ ಎಷ್ಟು ಎಳೆದಾಡಿದರೂ ಮೊದಲ ಕೆಲವು ಸೆಕೆಂಡು ಕೂರಲಿಲ್ಲ. ತುಟಿ ಬೇರೇನೋ ಆಡುತ್ತಿತ್ತು. ಹುಡುಗಿ ಗಾಬರಿಯಲ್ಲಿ ತಡವರಿಸಿರಬೇಕು ಎಂದುಕೊಂಡು ಅಲ್ಲಿಗೆ ಬಾಗಿಲ ತೋರಣದ ಚಿತ್ರ ಹಾಕಿ ಮುಚ್ಚಿದೆ. ಮುಗಿಸಿ ನೋಡಿದಾಗ ನನಗೇ ಮೈ ಜುಮ್ಮೆಂದಿತು. ನಾಚಿಕೆಯ ಮಾತು ಹೇಳುತ್ತೇನೆ, ನನಗೆ ಆಗ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಮಾರನೆಯ ದಿನ ಡಿಸ್ಕಿಗೆ ಇಳಿಸಿ ಅವ್ವನಿಗೆ ಹಾಕಿ ತೋರಿಸಿದೆ. ಅವಳು ಎಂದಿನಂತೆ ಮುಂದಕ್ಕೆ ಬಾಗಿ ಕೂತಳು. ದನಿ ಬಂತು, ಒಡಪು ಮುಗಿಯಿತು, ಜನ ನಕ್ಕರು. ಅವ್ವ ಅಲುಗಲಿಲ್ಲ. ಇನ್ನೊಂದು ಸಲ ಹಾಕು ಎನ್ನುತ್ತಾಳೆಂದು ಕಾದೆ. ಅವಳು ನನ್ನ ಮುಖ ನೋಡಿ, ‘ಚೆನ್ನಾಗೈತಪ್ಪಾ. ಭಾಳ ಕಷ್ಟಪಟ್ಟಿದೀಯ’ ಎಂದು ಎದ್ದು, ಅಂಗಳದಲ್ಲಿ ಒಣಗಿದ್ದ ಬಟ್ಟೆ ತರಲು ಹೋದಳು. ಅವತ್ತಿನಿಂದ ‘ಅದೇನಾತು’ ಎಂದು ಕೇಳುವುದು ನಿಂತಿತು. ಗೆದ್ದೆ ಎಂದುಕೊಂಡೆ. ಒಂದು ಮಾತ್ರ ವಿಚಿತ್ರವೆನಿಸಿತು. ಆ ಹೊಸ ಡಿಸ್ಕನ್ನು ಅವಳು ಮತ್ತೆ ಯಾವತ್ತೂ ಹಾಕು ಎನ್ನಲಿಲ್ಲ, ಹಳೆಯ ಹಾಡಿನ ಕ್ಯಾಸೆಟ್ಟನ್ನೂ ಕೇಳಲಿಲ್ಲ.

ಇನ್ನೂ ಕೆಲವು ವರ್ಷಗಳಾದ ಮೇಲೆ ನಮ್ಮ ತಾಲ್ಲೂಕಿನ ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಜಾಗ ಅಳೆಯುವ ಕಾಲ ಬಂತು. ಕಾವಲು ಎನ್ನುವ ಅಲ್ಲಿನ ಹುಲ್ಲುಗಾವಲಿನಲ್ಲಿ ದನ ಕುರಿ ಮೇಯಿಸುವವರ ಹೇಳಿಕೆಯನ್ನು ವಿಡಿಯೋ ಮಾಡಬೇಕೆಂದು ಒಬ್ಬ ಅಧಿಕಾರಿ ನನ್ನನ್ನು ಕರೆದರು. ಜೀಪು ಹತ್ತುವ ಮೊದಲೇ, ‘ನೋಡ್ರಿ, ಹಾಡು ಗೀಡು ಹಾಕಬೇಡಿ. ಅವರು ಕೆಮ್ಮಿದ್ರೂ ಇರಲಿ, ಒಂದು ಮಾತೂ ಅಳಿಸೋಹಂಗಿಲ್ಲ’ ಎಂದರು. ಅಂದು ಮೊದಲ ಬಾರಿಗೆ ಮೊಳೆಯಲ್ಲಿದ್ದ ಹೆಡ್‌ಫೋನ್ ಧೂಳು ಒರೆಸಿ ಕಿವಿಗೆ ಹಾಕಿಕೊಂಡೆ. ಹುಲ್ಲಿನ ಮೇಲೆ ಗಾಳಿ ಬೀಸುತ್ತಿತ್ತು. ಒಬ್ಬ ಮುದುಕ ತನ್ನ ತಾತ ಎಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದ ಎಂದು ತೋರಿಸುತ್ತಾ ಹೋದ. ಅವನ ಉಸಿರು ಕೂಡ ನನ್ನ ಕಿವಿಯೊಳಗೇ ಇತ್ತು. ಇಷ್ಟು ವರ್ಷ ನಾನು ಯಾರ ಮಾತನ್ನೂ ಹೀಗೆ ಕೇಳಿರಲಿಲ್ಲ.

ಸಂಜೆಗೆ ಮೊದಲೇ ಮನೆಗೆ ಬಂದೆ. ಅವ್ವ ಜಗಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಅಧಿಕಾರಿಯ ಮಾತು, ಮುದುಕನ ಮಾತು ಎಲ್ಲ ಹೇಳಿದೆ. ಅವ್ವ ಕೈ ನಿಲ್ಲಿಸಲಿಲ್ಲ.

‘ಆ ಹುಡುಗಿ ಯಾರಪ್ಪಾ?’ ಎಂದಳು.

‘ಯಾವ ಹುಡುಗಿ?’

‘ನಿನ್ ಕಂಪ್ಯೂಟರ್‌ನಾಗೆ ಒಡಪು ಹೇಳಿದಾಕಿ. ಪಾಪ, ಚೆನ್ನಾಗಿ ಹೇಳಿದ್ಲು.’

ಅವ್ವನೇ ಮುಂದುವರಿಸಿದಳು.

‘ನಿನ್ ತಂಗಿ ಆವತ್ತು ಒಡಪು ಹೇಳಲೇ ಇಲ್ಲ ಕಣೋ. ತಿಂಗಳಿಡೀ ಕಲಿಸಿದ್ದೆಲ್ಲ ಮರೆತಿದ್ಲು. ಮೈಕು ಕೈಗೆ ಕೊಟ್ರೆ, “ನಮ್ಮಣ್ಣ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಂಗೇ ನಿಂತೈತೆ, ಮೊದ್ಲು ಅವನಿಗೆ ಒಂದು ಎಲೆ ಹಾಕ್ರಿ, ಆಮೇಲೆ ಹೆಸರು ಹೇಳ್ತೀನಿ” ಅಂದ್ಲು. ಎಲ್ಲಾರೂ ಬಿದ್ದುಬಿದ್ದು ನಕ್ರು. ಆಮೇಲೆ ಬರೀ ಹೆಸರು ಹೇಳಿ ಒಳಗೆ ಓಡಿದ್ಲು. ನಿನಗೆ ಕೇಳಿಸ್ಲೇ ಇಲ್ವಾ?’

‘ಇಲ್ಲವ್ವಾ.’

‘ಅದಕ್ಕೇ ಅಲ್ವಾ ಆ ಹಾಡು ತೆಗಿ ತೆಗಿ ಅಂತಿದ್ದುದು. ನನಗೇನು, ನನ್ ಕಿವ್ಯಾಗೇ ಐತೆ. ನೀನು ಒಂದು ಸಲ ಕೇಳ್ಲಿ ಅಂತ.’

ಮೇಲಿನ ಕೋಣೆಗೆ ಹೋಗಿ ಹಳೆಯ ಕ್ಯಾಸೆಟ್ ಹಾಕಿದೆ. ಸದ್ದು ಇಳಿಸಿದೆ. ತೋರಣದಿಂದ ನಾನು ಮುಚ್ಚಿದ್ದ ಆ ಕೆಲವು ಸೆಕೆಂಡು ಅದರಲ್ಲಿ ಹಾಗೇ ಇವೆ. ತಂಗಿ ಮೈಕು ಹಿಡಿದು ಜನರ ತಲೆಗಳ ಮೇಲಿಂದ ನೇರವಾಗಿ ನನ್ನನ್ನೇ ನೋಡಿ ಮಾತಾಡುತ್ತಾಳೆ. ಪರದೆಯ ಅಂಚಿನಲ್ಲಿ ನನ್ನ ಎಡಗೈ ಬರುತ್ತದೆ. ಕ್ಯಾಮೆರಾ ನೋಡಬೇಡ, ಅತ್ತ ನೋಡು ಎಂದು ಸಿಟ್ಟಿನಿಂದ ಸನ್ನೆ ಮಾಡುತ್ತದೆ. ಅವಳು ನಗುತ್ತಾ ಮಾತು ಮುಗಿಸಿ ಅತ್ತ ತಿರುಗುತ್ತಾಳೆ.